ಬುರೈದಾದ ಹೆಂಗಸರಿಗೆ, ಕುಂದಾಪುರದಿಂದ

ಸೌದಿಯಿಂದ ಊರಿಗೆ ಬಂದು ಮೂರು ವಾರವಾಯಿತು. ಸೂಟ್‌ಕೇಸ್ ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಪಾಪ, ಅಲ್ಲಿನ ಹೆಂಗಸರದ್ದು ಭಾರಿ ಕಷ್ಟ ಅಲ್ವಾ?" ಹೌದು ಎಂದರೂ ಸುಳ್ಳು ಹೇಳಿದಂತೆ, ಇಲ್ಲ ಎಂದರೂ ಸುಳ್ಳು ಹೇಳಿದಂತೆ. ಚಹಾ ಕೊಟ್ಟು ಮಾತು ತಿರುಗಿಸುತ್ತಿದ್ದೇನೆ. ಇವತ್ತು ಆ ಹೆಂಗಸರಿಗೇ ನಾಲ್ಕು ಸಾಲು ಬರೆಯೋಣ ಅನ್ನಿಸಿತು. ಅವರಿಗೆ ಕನ್ನಡ ಬಾರದು, ಪರವಾಗಿಲ್ಲ. ಹೊತ್ತು ತಂದ ಋಣವನ್ನು ಯಾರ ಮುಂದಾದರೂ ಹೇಳಿಕೊಳ್ಳಬೇಕಲ್ಲ.

2011ರಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ಸೌದಿಯ ಬುರೈದಾಕ್ಕೆ ಹೋದೆ. ಅಲ್ ಕಸೀಮ್ ಪ್ರಾಂತ್ಯದ ದೊಡ್ಡ ಊರು ಅದು. ರಿಯಾದಿನಿಂದ ವಾಯವ್ಯಕ್ಕೆ ಸುಮಾರು 350 ಕಿ.ಮೀ. ಸುಕ್ಕರಿ ಖರ್ಜೂರಕ್ಕೆ ಹೆಸರುವಾಸಿ. ಸೌದಿಯವರೇ "ಬುರೈದಾನಾ?" ಎಂದು ಹುಬ್ಬೇರಿಸುವಷ್ಟು ಮಡಿವಂತ ಊರೂ ಹೌದು. ಮಗಳಿಗೆ ಆಗ ಎರಡು ವರ್ಷ. ಅತ್ತೆಯ ಕೈಗೆ ಕೊಟ್ಟು ವಿಮಾನ ಹತ್ತಿದ್ದೆ.

ಅಲ್ಲಿ ಹೆಂಗಸರು ಬಟ್ಟೆಯ ಮೇಲೆ ತೊಡುವ ನಿಲುವಂಗಿ ಅಬಾಯ. ನನ್ನ ಮೊದಲ ಅಬಾಯ ನನಗಿಂತ ಎರಡಿಂಚು ಉದ್ದವಿತ್ತು. ಅದರ ತೋಳು ದಿನಾ ಸಾರಿನಲ್ಲೋ ಸಿಂಕಿನಲ್ಲೋ ಮುಳುಗೇಳುತ್ತಿತ್ತು. ಹಾಸ್ಟೆಲಿನಿಂದ ವಾರಕ್ಕೊಮ್ಮೆ ಪೇಟೆಗೆ ಬಸ್ಸು. ಅದು ಬಿಟ್ಟರೆ ಆಸ್ಪತ್ರೆ, ರೂಮು, ಫೋನು. ಆಗೆಲ್ಲ ನಮಾಜಿನ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತಿದ್ದವು. ಕೊಳ್ಳಲು ಬಂದ ಹೆಂಗಸರೆಲ್ಲ ಮಕ್ಕಳು, ಚೀಲ ಸಮೇತ ಮೆಟ್ಟಿಲ ಮೇಲೆ ಕೂರುವುದು. ಆ ಅರ್ಧ ಗಂಟೆಯಲ್ಲಿ ನಾನು ಕಲಿತಷ್ಟು ಅರಬಿಯನ್ನು ಯಾವ ಪುಸ್ತಕವೂ ಕಲಿಸಲಿಲ್ಲ. ಪಕ್ಕದಲ್ಲಿ ಕೂತವರಿಗೆ ನಿಮ್ಮ ಸಂಬಳ, ಗಂಡ, ಮಕ್ಕಳು ಎಲ್ಲ ಗೊತ್ತಾಗಲೇಬೇಕು. ಥೇಟ್ ನಮ್ಮೂರ ಬಸ್‌ಸ್ಟ್ಯಾಂಡು.

ಮೊದಲ ಥ್ಯಾಂಕ್ಸ್ ಒಬ್ಬ ಅಜ್ಜಿಗೆ. ಸೊಸೆಯ ಹೆರಿಗೆಗೆ ಬಂದಿದ್ದರು. ನನಗೆ ಮಗಳಿದ್ದಾಳೆ, ಊರಲ್ಲೇ ಬಿಟ್ಟು ಬಂದಿದ್ದೇನೆ ಎಂದು ತಿಳಿದದ್ದೇ ಕಣ್ಣು ತುಂಬಿಕೊಂಡರು. "ನಿನ್ನ ಗಂಡ ಎಲ್ಲಿ? ಅಣ್ಣ ತಮ್ಮಂದಿರಿಲ್ವಾ? ಮನೆಯಲ್ಲಿ ಗಂಡಸರಿದ್ದೂ ನಿನ್ನನ್ನು ಇಷ್ಟು ದೂರ ದುಡಿಯಲು ಕಳಿಸಿದರಾ?" ಎಂದು ಕೇಳಿ ನನ್ನ ಮುಷ್ಟಿಯೊಳಗೆ ಐವತ್ತು ರಿಯಾಲ್ ತುರುಕಿದರು. ಅಲ್ಲಿಯವರೆಗೂ ಅವರನ್ನು ನೋಡಿ 'ಪಾಪ' ಅಂದುಕೊಳ್ಳುತ್ತಿದ್ದವಳು ನಾನು! ಅವತ್ತಿನಿಂದ ವಾರ್ಡಿನಲ್ಲಿ ನನ್ನ ಹೆಸರೂ ಹೋಯಿತು. ಮಗಳ ಹೆಸರಿಗೆ ಮೊದಲು 'ಉಮ್ಮ್' ಸೇರಿಸಿ, ಇಂಥವಳ ಅಮ್ಮ ಎಂದೇ ಕರೆದರು. ಮಗು ಪಕ್ಕದಲ್ಲಿಲ್ಲದ ತಾಯಿಗೆ ದಿನಕ್ಕೆ ನೂರು ಸಲ ಆ ಹೆಸರು ಕಿವಿಗೆ ಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಇನ್ನು ನಮ್ಮ ವಾರ್ಡಿನ ಕ್ಲರ್ಕ್. ನಿಖಾಬಿನೊಳಗೆ ಕಣ್ಣು ಮಾತ್ರ ಕಾಣುತ್ತಿತ್ತು. ದೂರದಿಂದ ಅವಳನ್ನು ಬೂಟಿನ ಮೇಲೆ ಗುರುತು ಹಿಡಿಯುತ್ತಿದ್ದೆ, ಹತ್ತಿರ ಬಂದರೆ ನಗುವಿನ ಮೇಲೆ. ಬಾಯಿ ಕಾಣದಿದ್ದರೂ ನಗು ಕಾಣುತ್ತದೆ, ನಂಬಿ. ಗಹ್ವಾ, ಅಂದರೆ ಅರಬರ ಕಾಫಿ, ಕುಡಿಯಲು ಕಲಿಸಿದ್ದು ಅವಳೇ. ಹೂಜಿ ಎಡಗೈಯಲ್ಲಿ, ಹಿಡಿಯಿಲ್ಲದ ಪುಟ್ಟ ಬಟ್ಟಲು ಬಲಗೈಯಲ್ಲಿ. ಬಟ್ಟಲಿನ ತಳ ಮುಚ್ಚುವಷ್ಟೇ ಸುರಿಯಬೇಕು. ತುಂಬಿಸಿ ಕೊಟ್ಟರೆ 'ಕುಡಿದು ಹೊರಡು' ಎಂದ ಹಾಗೆ. ಸಾಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಬೇಕು. ನನಗದು ಗೊತ್ತಿಲ್ಲದೆ ಮೊದಲ ದಿನ ಹನ್ನೊಂದು ಬಟ್ಟಲು ಕುಡಿದೆ. ಅವಳು ನಗು ತಡೆದುಕೊಂಡು ಸುರಿಯುತ್ತಲೇ ಹೋದಳು. ಆ ರಾತ್ರಿ ನಿದ್ದೆ ಬರಲಿಲ್ಲ.

"ನನ್ನ ಸಂಬಳ ನನ್ನದು, ಮನೆ ನಡೆಸುವುದು ಗಂಡನ ಹೊಣೆ" ಎಂದು ಅವಳು ಸಲೀಸಾಗಿ ಹೇಳುತ್ತಿದ್ದಳು. ನನ್ನ ಸಂಬಳವೋ, ಬ್ಯಾಂಕಿಗೆ ಬೀಳುವ ಮೊದಲೇ ಊರಲ್ಲಿ ಪಾಲಾಗಿರುತ್ತಿತ್ತು. ಆದರೆ ಅದೇ ಹೆಂಗಸು ಗಡಿ ದಾಟಬೇಕಾದರೆ ಗಂಡನೋ ಅಪ್ಪನೋ ಒಪ್ಪಿಗೆ ಕೊಡಬೇಕಿತ್ತು. ಕೆಲಸಕ್ಕೆ ಬರಲು ಅವಳಿಗೊಬ್ಬ ಹೌಸ್ ಡ್ರೈವರ್. ನಮ್ಮ ಕರಾವಳಿಯಲ್ಲಿ ಆ ವೀಸಾ ಗೊತ್ತಿಲ್ಲದವರು ಯಾರಿದ್ದಾರೆ? ನಮ್ಮ ಹುಡುಗರು ಅಲ್ಲಿ ಅಷ್ಟೊಂದು ಜನ ಸ್ಟಿಯರಿಂಗ್ ಹಿಡಿಯಲು ಒಂದು ಕಾರಣ, ಆ ಮನೆಗಳ ಹೆಂಗಸರು ಅದನ್ನು ಹಿಡಿಯುವಂತಿರಲಿಲ್ಲ. ಡ್ರೈವರ್ ರಜೆಯ ಮೇಲೆ ಊರಿಗೆ ಬಂದರೆ ಅಲ್ಲಿ ಅವಳು ಸಿಕ್ಕಿದ ಟ್ಯಾಕ್ಸಿಗೆ ದುಡ್ಡು ಸುರಿಯಬೇಕು. ನಾನು ದುಡ್ಡಿಗಾಗಿ ಮಗಳನ್ನು ಬಿಟ್ಟು ಬಂದವಳು, ಅವಳು ದುಡ್ಡಿದ್ದೂ ಎರಡು ಕಿ.ಮೀ. ಹೋಗಲಾರದವಳು. ಯಾರಿಗೆ ಯಾರು ಪಾಪ ಅನ್ನಬೇಕು ಎಂದು ಇಬ್ಬರೂ ಜಗಳ ಆಡಿದ್ದೇವೆ.

2018ರ ಜೂನ್ 24ಕ್ಕೆ ಹೆಂಗಸರು ಕಾರು ಓಡಿಸಬಹುದು ಎಂದಾಯಿತು. ಪೇಪರಿನಲ್ಲಿ ಎಲ್ಲ ನಗುಮುಖದ ಫೋಟೋ. ಅವಳು ನಗಲಿಲ್ಲ. ಆ ಹಕ್ಕಿಗಾಗಿ ದನಿ ಎತ್ತಿದ್ದ ಲೂಜೈನ್ ಅಲ್ ಹತ್‌ಲೂಲ್ ಮತ್ತು ಕೆಲವರನ್ನು ಅದಕ್ಕೂ ಒಂದು ತಿಂಗಳ ಮುಂಚೆಯೇ ಜೈಲಿಗೆ ಹಾಕಿದ್ದರು. 1990ರಲ್ಲೇ ರಿಯಾದಿನಲ್ಲಿ 47 ಹೆಂಗಸರು ಕಾರು ಓಡಿಸಿ ಸಿಕ್ಕಿಬಿದ್ದಿದ್ದರು ಎಂದು ನನಗೆ ಹೇಳಿದ್ದೂ ಅವಳೇ, ಲಿನನ್ ರೂಮಿನಲ್ಲಿ, ಪಿಸುದನಿಯಲ್ಲಿ. 2019ರ ಆಗಸ್ಟ್‌ನಲ್ಲಿ 21 ದಾಟಿದ ಹೆಂಗಸರು ಯಾರ ಒಪ್ಪಿಗೆಯೂ ಇಲ್ಲದೆ ಪಾಸ್‌ಪೋರ್ಟ್ ಮಾಡಿಸಬಹುದು ಎಂದಾದಾಗ ಮಾತ್ರ ಕುಣಿದಳು. ಹೊಸ ಹಸಿರು ಪಾಸ್‌ಪೋರ್ಟನ್ನು ವಾರ್ಡಿಗೆ ತಂದು, ಮಗುವಿನ ಹಾಗೆ ಎಲ್ಲರ ಕೈಗೂ ಕೊಟ್ಟಳು.

ಎಲ್ಲ ಮನೆಯೂ ಅವಳ ಮನೆಯಲ್ಲ. ಹೆರಿಗೆಗೆ ಬಂದ ಹುಡುಗಿಯೊಬ್ಬಳನ್ನು ನಾನು ಕೇಳಿದ ಪ್ರಶ್ನೆಗೆಲ್ಲ ಅವಳ ಗಂಡನೇ ಉತ್ತರ ಕೊಡುತ್ತಿದ್ದದ್ದನ್ನು ನೋಡಿದ್ದೇನೆ. ಅವನು ಕಾರಿಡಾರಿಗೆ ಹೋದ ಮೇಲೆ "ಇನ್ನು ಮಕ್ಕಳು ಬೇಡ, ಏನಾದರೂ ಮಾಡು" ಎಂದು ಅವಳು ನನ್ನ ಕೈ ಹಿಡಿದದ್ದೂ ನೆನಪಿದೆ. ಬೇರೆಯವರ ಮಗುವನ್ನು ಎತ್ತಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ ಇಂಡೋನೇಷ್ಯಾದ, ಇಥಿಯೋಪಿಯಾದ ಕೆಲಸದವರನ್ನೂ ಮರೆತಿಲ್ಲ. ಅವರಿಗೆ ಹೊಸ ಕಾನೂನಿನಿಂದ ಹೆಚ್ಚೇನೂ ಸಿಗಲಿಲ್ಲ.

ದೊಡ್ಡ ಋಣ 2020ರದ್ದು. ಮಾರ್ಚ್‌ನಲ್ಲೇ ವಿಮಾನ ನಿಂತಿತ್ತು. ರಂಜಾನ್ ತಿಂಗಳಲ್ಲಿ ಅಮ್ಮ ಹೋದರು. ಹೆತ್ತಮ್ಮ. ಕಡೆಯ ಮುಖವನ್ನು ಫೋನಿನಲ್ಲಿ ನೋಡಿದೆ, ಅದೂ ನೆಟ್‌ವರ್ಕ್ ಸಿಕ್ಕಷ್ಟು ಹೊತ್ತು. ಡ್ಯೂಟಿಗೆ ರಜೆ ಕೇಳಲಿಲ್ಲ, ರೂಮಿನಲ್ಲಿ ಒಬ್ಬಳೇ ಕೂತು ಏನು ಮಾಡಲಿ? ವಾರ್ಡಿನ ಹೆಂಗಸರಿಗೆ ಹೇಗೋ ಸುದ್ದಿ ಮುಟ್ಟಿತು. ಕರ್ಫ್ಯೂ, ಯಾರೂ ಯಾರ ಮನೆಗೂ ಹೋಗುವಂತಿಲ್ಲ. ಮರುದಿನ ಸಂಜೆ ಹಾಸ್ಟೆಲ್ ಗೇಟಿನ ವಾಚ್‌ಮನ್ ಕರೆದ. ಮೇಜಿನ ಮೇಲೆ ಗಹ್ವಾದ ಫ್ಲಾಸ್ಕ್, ಡಬ್ಬಿ ತುಂಬ ಸಂಬೂಸ, ಖರ್ಜೂರ. ಸಂಬೂಸದ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ 'ಮಾಂಸವಿಲ್ಲ' ಎಂದು ಬರೆದಿತ್ತು. ಸೂತಕದಲ್ಲಿ ನಾವು ಮಾಂಸ ತಿನ್ನುವುದಿಲ್ಲ ಎಂದು ಯಾವತ್ತೋ ಒಮ್ಮೆ ಹೇಳಿದ್ದೆ. ಅದನ್ನು ಕ್ಲರ್ಕ್ ನೆನಪಿಟ್ಟುಕೊಂಡಿದ್ದಳು. ಹೀಗೆ ಹನ್ನೊಂದು ದಿನ ಬಂತು. ಒಂದು ದಿನ ಅವಳ ಮನೆಯಿಂದ, ಇನ್ನೊಂದು ದಿನ ಬೇರೆ ಯಾರ ಮನೆಯಿಂದಲೋ. ಡಬ್ಬಿಗಳ ಮೇಲೆ ಹೆಸರಿರಲಿಲ್ಲ, ಹಾಗಾಗಿ ಯಾರ್‍ಯಾರಿಗೆ ಥ್ಯಾಂಕ್ಸ್ ಹೇಳಬೇಕು ಎಂದು ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಮಗಳ ಎಸ್‌ಎಸ್‌ಎಲ್‌ಸಿಗೆ ಮುಂಚೆ ಊರಲ್ಲಿರಬೇಕು ಎಂದು 2023ರಲ್ಲಿ ಕೆಲಸ ಬಿಟ್ಟು ಪೂರ್ತಿ ಹೊರಡುವ ಫೈನಲ್ ಎಕ್ಸಿಟ್ ವೀಸಾ ಹೊಡೆಸಿದೆ. ಕೊನೆಯ ರಾತ್ರಿ ಕ್ಲರ್ಕ್ ಮನೆಯಲ್ಲಿ ಊಟ. ಅಬಾಯ ತೆಗೆದಿಟ್ಟರೆ ಒಳಗೆ ಎಲ್ಲರೂ ಮದುವೆಮನೆಯ ಹಾಗೆ ಸಿಂಗರಿಸಿಕೊಂಡಿದ್ದರು. ಕೊನೆಗೆ ಊದ್ ಎಂಬ ಸುಗಂಧದ ಕಟ್ಟಿಗೆಯ ಹೊಗೆ ಬಂತು, ಕೂದಲಿಗೆ, ಸೆರಗಿಗೆ ಹಿಡಿದರು. ಊದ್ ಬಂದ ಮೇಲೆ ಕೂತಿರುವ ಹಾಗಿಲ್ಲ ಎಂಬ ಮಾತಿದೆ ಅಲ್ಲಿ. ಆದರೂ ಒಂದು ಗಂಟೆ ಕೂತೆವು.

ಏರ್‌ಪೋರ್ಟಿಗೆ ಅವಳೇ ಬಿಟ್ಟಳು. ನಾನು ಅಭ್ಯಾಸಬಲದಿಂದ ಹಿಂದಿನ ಬಾಗಿಲು ತೆಗೆದೆ. "ನಾನೇನು ನಿನ್ನ ಡ್ರೈವರಾ?" ಎಂದು ಬೈದಳು. ಹನ್ನೆರಡು ವರ್ಷದಲ್ಲಿ ಆ ಊರಿನಲ್ಲಿ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ಇಂಡಿಕೇಟರ್ ಹಾಕದ ಗಂಡಸರಿಗೆಲ್ಲ ಬೈಯುತ್ತಾ ಓಡಿಸಿದಳು.

ಅವಳು ಕೊಟ್ಟ ಕ್ಲೈಜಾ ಡಬ್ಬಿ ನಿನ್ನೆ ತೆರೆದೆ. ಕಸೀಮಿನ ಬಿಸ್ಕತ್ತು ಅದು, ಒಳಗೆ ಸಿಹಿ ಹೂರಣ. ಅತ್ತೆ ಚಹಾಕ್ಕೆ ಅದ್ದಿ ತಿಂದು, "ಏಲಕ್ಕಿ ಸ್ವಲ್ಪ ಜಾಸ್ತಿಯಾಯ್ತು" ಎಂದರು. ಆಮೇಲೆ ಡಬ್ಬಿಯನ್ನು ತಮ್ಮ ಕಪಾಟಿನಲ್ಲಿಟ್ಟುಕೊಂಡರು.