ಹಳೇ ಸೈಕಲ್ ನೋಡಲು ಹೋಗುವಾಗ ಜೇಬಿನಲ್ಲಿ ಟೇಪು ಇರಲಿ

ಸಂಪಾದಕರಿಗೆ,

ಹೊಸದಾಗಿ ಸೈಕಲ್ ತುಳಿಯಲು ಹೊರಟವರು ಹೊಸತೋ ಹಳತೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಅಳತೆ ನೋಡಬೇಕು. ಸೀಟಿನ ಮೇಲೆ ಕೂತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಸೀಟು ಅಷ್ಟು ಏರದಿದ್ದರೆ ಸೈಕಲ್ ಪುಕ್ಕಟೆ ಸಿಕ್ಕರೂ ಬೇಡ. (ಬ್ಯಾಲೆನ್ಸ್ ಕಲಿಯುವವರೆಗೆ ಸೀಟು ಇಳಿಸಿಕೊಳ್ಳುವ ಮಾತು ಬೇರೆ.)

ಅಳತೆ ಸರಿಯಿದ್ದರೆ ನನ್ನ ಮತ ಹಳತಕ್ಕೇ. ಆದರೆ ಫ್ರೇಮ್, ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಗಟ್ಟಿಯಿರಬೇಕು. ಟೈರು, ಕೇಬಲ್ಲು, ಬ್ರೇಕ್ ರಬ್ಬರು ಹೇಗೂ ಸವೆಯುವಂಥವು, ಬದಲಿಸಿದರಾಯಿತು. ಹ್ಯಾಂಡಲ್ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಸೈಕಲ್ ಎಲ್ಲೋ ಎದುರಿನಿಂದ ಗುದ್ದಿರುವ ಸಾಧ್ಯತೆಯೇ ಹೆಚ್ಚು. ಹೊಸ ಪೇಂಟ್ ಬಳಿದಿದ್ದರಂತೂ ಅನುಮಾನ ಇನ್ನಷ್ಟಿರಲಿ. ಸೀಟಿನ ಕಂಬಿಯನ್ನು ಸಡಿಲಿಸಿ ಮೇಲೆ ಕೆಳಗೆ ಆಡಿಸಿ. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಕಂಬಿ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ತುಕ್ಕಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಸುತ್ತಿಗೆಗೂ ಜಗ್ಗುವುದಿಲ್ಲ.

ಚೌಕಾಸಿಗೆ ಆಧಾರ ಸಿಗುವುದು ಚೈನಿನಲ್ಲಿ. ಒಂದು ಪಿನ್ನಿನ ನಡುವಿಗೆ ಟೇಪಿನ ಸೊನ್ನೆ ಗುರುತು ಹೊಂದಿಸಿ, ಅದನ್ನು ಬಿಟ್ಟು ಮುಂದಕ್ಕೆ ಎಣಿಸಿದರೆ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ, ಅಂದರೆ 30.48 ಸೆಂ.ಮೀ.ಗೆ ಬರಬೇಕು. ಮಕ್ಕಳ 30 ಸೆಂ.ಮೀ. ಸ್ಕೇಲು ಇಲ್ಲಿ ಕೂದಲೆಳೆಯಲ್ಲಿ ಸಾಲದೆ ಹೋಗುತ್ತದೆ. ಅಳತೆ 1/16 ಇಂಚು ಹೆಚ್ಚು ಬಂದರೆ ಚೈನು ಬದಲಿಸುವ ಕಾಲ ಬಂತು. 1/8 ಇಂಚು ಹೆಚ್ಚಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ; ಚೈನೊಂದನ್ನೇ ಹೊಸದು ಹಾಕಿದರೆ ಏರಿನಲ್ಲಿ ಒತ್ತಿ ತುಳಿದಾಗ ಜಾರುತ್ತದೆ. ಆ ಖರ್ಚನ್ನೆಲ್ಲ ಕೂಡಿಸಿ, ಹೊಸದರ ಬೆಲೆಗೆ ಹೋಲಿಸಿ ನೋಡಿ.

ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಅಲುಗಿಸಿದಾಗ ಹ್ಯಾಂಡಲ್ ಬುಡದಲ್ಲಿ ಕಟಕಟ ಎಂದರೆ ಹೆದರಬೇಕಿಲ್ಲ, ಸಾಮಾನ್ಯವಾಗಿ ಬೇರಿಂಗ್ ಬಿಗಿ ಮಾಡಿದರೆ ಸಾಕು.

ಇಷ್ಟೆಲ್ಲ ಪರೀಕ್ಷಿಸಲು ಜೊತೆಗೆ ತಿಳಿದವರಿಲ್ಲ ಎನ್ನುವವರು ಹೊಸದನ್ನೇ ಕೊಳ್ಳಲಿ, ಆದರೆ ಅಗ್ಗದ ಸಸ್ಪೆನ್ಶನ್ ಇರುವುದು ಬೇಡ. ಅದು ತೂಕ ಹೆಚ್ಚಿಸುತ್ತದೆ, ತುಳಿದ ಬಲವನ್ನೂ ಒಂದಿಷ್ಟು ನುಂಗುತ್ತದೆ. ಹೊಸ ಸೈಕಲ್ಲಿನ ಕೇಬಲ್ಲು, ಚಕ್ರದ ಕಡ್ಡಿಗಳು ಮೊದಲ ಕೆಲವು ವಾರಗಳಲ್ಲಿ ಸಡಿಲವಾಗುತ್ತವೆ. ಆಗ ಒಮ್ಮೆ ಬಿಗಿ ಮಾಡಿಸಲೇಬೇಕು. ಜೋಡಿಸುವಾಗ ಎಡ ಪೆಡಲಿನ ಮೇಲೂ ಕಣ್ಣಿರಲಿ. ಅದರ ಮರೆ (ತಿರುಪಿನ ಸುತ್ತು) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಅವಸರದಲ್ಲಿ ಬಲಕ್ಕೆ ತಿರುಗಿಸಿ ತುರುಕಿದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಮರೆ ಕೆಟ್ಟು, ಕ್ರ್ಯಾಂಕನ್ನೇ ಬದಲಿಸಬೇಕಾದೀತು.

— ಒಬ್ಬ ಓದುಗ