ಬಾಟಲಿಯಲ್ಲೊಂದು ಮೋಡ, ತಾರಸಿ ಮೇಲೆ ಮಳೆ ಲೆಕ್ಕ

ಪ್ರೀತಿಯ ಗೆಳೆಯಾ,

"ಮೋಡದ ತುಂಬ ನೀರಿದೆ ಅಂತೀರಲ್ಲ, ಮತ್ತೆ ಅದು ಯಾಕೆ ಕೆಳಗೆ ಬೀಳಲ್ಲ?" ಅಂತ ನಿನ್ನ ಮಗಳು ಕೇಳಿದಳಂತೆ. ಎಂಥ ಒಳ್ಳೆ ಪ್ರಶ್ನೆ! ಸುಮ್ನೆ ಒಂದು ವಿಡಿಯೊ ತೋರಿಸಿ ಮುಗಿಸಬೇಡ ಮಾರಾಯ. ಅವಳೇ ಒಂದು ಮೋಡ ಮಾಡಲಿ.

ಅದುಮಿದರೆ ಬಗ್ಗುವಂಥ ಖಾಲಿ ನೀರಿನ ಬಾಟಲಿ ಸಾಕು. ಎರಡು ಚಮಚ ಬೆಚ್ಚಗಿನ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಲಿ. ಈಗ ಬಾಟಲಿಯನ್ನು ಗಟ್ಟಿಯಾಗಿ ಹಿಸುಕಿ, ತಟ್ಟನೆ ಬಿಡಲಿ. ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಈ ಹಂತ ಮಾತ್ರ ಬಿಡಬೇಡ, ಇದನ್ನು ನೋಡಿದರೇನೇ ಮುಂದಿನದು ಅರ್ಥವಾಗುವುದು. ಆಮೇಲೆ ನೀನು ಊದಿನಕಡ್ಡಿ ಹಚ್ಚಿ, ಸ್ವಲ್ಪ ಹೊಗೆ ಒಳಗೆ ಬಿಡು. ಕಡ್ಡಿ ಅವಳ ಕೈಗೆ ಬೇಡ. ಮುಚ್ಚಳ ಹಾಕಿ ಮತ್ತೆ ಹಿಸುಕಿ ಬಿಟ್ಟರೆ ಒಳಗೆಲ್ಲ ಬೆಳ್ಳಗೆ ಮಂಜು! ಹಿಸುಕಿದರೆ ಮಾಯ, ಬಿಟ್ಟರೆ ಮತ್ತೆ ಹಾಜರು.

ಕೈ ಬಿಟ್ಟ ತಕ್ಷಣ ಒಳಗಿನ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗುತ್ತದೆ. ಆಗ ಆವಿ ಹನಿಯಾಗಬೇಕು, ಆದರೆ ಹನಿ ಕಟ್ಟಲು ಒಂದು ಆಸರೆ ಬೇಕಲ್ವಾ? ಹೊಗೆಯ ಕಣಗಳೇ ಆ ಆಸರೆ. ಅರಬ್ಬಿ ಸಮುದ್ರದ ಗಾಳಿ ಪಶ್ಚಿಮ ಘಟ್ಟ ಹತ್ತುವಾಗಲೂ ಹೀಗೇ ಹಿಗ್ಗಿ ತಣ್ಣಗಾಗುತ್ತದೆ. ಅಲ್ಲಿ ಹೊಗೆಯ ಬದಲು ಉಪ್ಪು, ಧೂಳಿನ ಕಣಗಳು. ಆಗುಂಬೆಗೆ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಘಟ್ಟ ದಾಟಿ ಚಳ್ಳಕೆರೆ ಕಡೆ ಬಂದರೆ 500ರ ಆಸುಪಾಸು.

ಇನ್ನು ಅವಳ ಪ್ರಶ್ನೆ. ಮೋಡದ ಹನಿ ಮಿಲಿಮೀಟರಿನ 50ನೇ ಒಂದು ಭಾಗದಷ್ಟು ಚಿಕ್ಕದು. ಬೀಳುತ್ತದೆ, ಆದರೆ ಸೆಕೆಂಡಿಗೆ ಸುಮಾರು 1 ಸೆಂಟಿಮೀಟರ್ ಅಷ್ಟೇ. ಮೇಲೇರುವ ಗಾಳಿ ಅದನ್ನು ಸುಲಭವಾಗಿ ಎತ್ತಿ ಹಿಡಿಯುತ್ತದೆ. ಹನಿಗಳು ಕೂಡಿಕೊಂಡು ದಪ್ಪಗಾದ ಮೇಲೇ ಮಳೆ.

ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಮಳೆ ಅಳೆಯುವ ಕೆಲಸ. ಮೋಡದ ಆಟ ಒಂದು ಸಂಜೆಗೆ ಮುಗಿಯುತ್ತದೆ. ಇದು ಮಳೆಗಾಲವಿಡೀ ನಡೆಯುತ್ತದೆ, ದಿನಾ ನೋಡುವ ಅಭ್ಯಾಸ ಕಲಿಸುತ್ತದೆ. ಪಕ್ಕ ನೇರವಾಗಿರುವ 2 ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸು. ಉಬ್ಬುತಗ್ಗಿನ ತಳಕ್ಕೆ ಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬು. ಆ ಮಟ್ಟ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸು. ತಾರಸಿಯಲ್ಲಿ ಗೋಡೆ, ತೆಂಗಿನಗರಿ ಅಡ್ಡ ಬರದ ಕಡೆ ಇಡು. ಗುಡುಗು ಸಿಡಿಲು ಇರುವಾಗ ಮಾತ್ರ ಮೇಲೆ ಹೋಗಬಾರದು.

ಬೆಳಗ್ಗೆ 8.30ಕ್ಕೆ ನೋಡಿ ಬರೆಯಲಿ. ಹವಾಮಾನ ಇಲಾಖೆಯವರ ದಿನದ ಮಳೆ ಲೆಕ್ಕವೂ 8.30ರಿಂದ 8.30ಕ್ಕೆ. 1 ಮಿಲಿಮೀಟರ್ ಮಳೆ ಅಂದರೆ 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. 30x40 ಸೈಟಿನ ಮೇಲೆ 10 ಮಿಲಿಮೀಟರ್ ಸುರಿದರೆ 1,100 ಲೀಟರ್‌ಗೂ ಜಾಸ್ತಿ. ನಿಮ್ಮ ಮನೆ ಮೇಲಿನ ಸಾವಿರ ಲೀಟರ್ ಸಿಂಟೆಕ್ಸ್ ತುಂಬಿ ಚೆಲ್ಲುತ್ತದೆ! ಈ ಲೆಕ್ಕ ನೀನು ಹೇಳಿಕೊಡಬೇಡ, ಅವಳೇ ಹಾಕಲಿ.

ತಿಂಗಳು ತುಂಬಿದ ಮೇಲೆ ಅವಳ ನೋಟ್‌ಬುಕ್ಕಿನ ಫೋಟೊ ಕಳಿಸು. ನಾನೂ ಇಲ್ಲಿ ಅಳೆದು ಬರೆಯುತ್ತಿದ್ದೇನೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ.

ನಿನ್ನ ಗೆಳೆಯ