ಕೊಳ್ಳಗಳ ನೀರು ಬೆರೆಯುವ ಮುನ್ನ ಮೀನುಗಳ ದಾಖಲೆಯಾಗಲಿ

ಮಾನ್ಯ ಸಂಪಾದಕರೇ,

ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನೂ, ಅದೇ ಬೆಟ್ಟದ ಜಯಮಂಗಲಿ ಉತ್ತರ ಪಿನಾಕಿನಿಯನ್ನೂ ಸೇರುತ್ತವೆ. ಶಿರಾ ಸೀಮೆಯ ಕೆರೆಗಳ ನೀರು ವೇದಾವತಿಯ ಮೂಲಕ ಕೃಷ್ಣೆಯ ಪಾಲಾಗುತ್ತದೆ. ನಮ್ಮ ತುಮಕೂರು ಜಿಲ್ಲೆಯೊಂದೇ ಮೂರು ನದೀಕೊಳ್ಳಗಳಿಗೆ ನೀರು ಹಂಚುವ ಈ ಸಂಗತಿ ಭೂಗೋಳದ ಪಾಠವಾಗಿಯೇ ಉಳಿದಿದೆ. ಆದರೆ ಸಿಹಿನೀರಿನ ಮೀನುಗಳ ವಿಕಾಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಜಾಗ ದಕ್ಷಿಣದಲ್ಲಿ ಹೆಚ್ಚಿಲ್ಲವೆಂದು ನಾನು ನಂಬಿದ್ದೇನೆ. ಮೀನು ನೆಲ ದಾಟಲಾರದು. ಮಳೆಯಲ್ಲಿ ಒದ್ದೆ ನೆಲದ ಮೇಲೆ ತೆವಳಬಲ್ಲ ಕೊರಮೀನು ಕೂಡ ಬೆಟ್ಟ ಹತ್ತಿ ಇಳಿಯದು. ಕೊಳ್ಳಗಳನ್ನು ಬೇರ್ಪಡಿಸುವ ಏಣಿನ ಆಚೆ ಈಚೆ ಉಳಿದ, ಪಕ್ಕೆ ಎಂಬ ಒಂದೇ ಜಾತಿಯ ಸಣ್ಣ ಮೀನುಗಳು ತಲೆಮಾರುಗಳು ಕಳೆದಂತೆ ಬೇರೆಯಾಗುತ್ತಿವೆಯೇ ಎಂಬುದನ್ನು ಅವುಗಳ ಡಿಎನ್‌ಎ ಹೋಲಿಸಿ ನೋಡಬಹುದು.

ಈ ಅವಕಾಶ ನಮ್ಮ ಕಣ್ಣೆದುರೇ ಕೈತಪ್ಪುತ್ತಿದೆ. ಹೇಮಾವತಿ ನಾಲೆಯಿಂದಾಗಿ ಕಾವೇರಿ ಕೊಳ್ಳದ ನೀರು ಶಿರಾದವರೆಗೆ ಬರುತ್ತಿದೆ. ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಮೂಲದ ಹಳ್ಳಗಳಿಂದ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಗಿದೆ. ನೀರಿನ ಜೊತೆಗೆ ಮೊಟ್ಟೆ, ಮರಿಗಳೂ ಬರಬಹುದು. ಬರದ ಸೀಮೆಗೆ ನೀರು ಬೇಡವೆನ್ನುವವನು ನಾನಲ್ಲ. ನಾನೂ ಟ್ಯಾಂಕರಿಗೆ ಕಾದವನೇ. ಆದರೆ ಬೆರೆಯುವ ಮೊದಲು ಯಾವ ಕೊಳ್ಳದಲ್ಲಿ ಏನಿತ್ತೆಂಬುದನ್ನು ಬರೆದಿಡದಿದ್ದರೆ ಮುಂದೆ ಎಷ್ಟು ಹಣ ಸುರಿದರೂ ಅದು ದೊರೆಯುವುದಿಲ್ಲ. ಕೆರೆಗಳಿಗೆ ಹೊರಗಿನ ಮೀನುಮರಿ ಬಿಡುವುದರಿಂದಲೂ ಇಂಥದೇ ಬೆರಕೆಯಾಗುತ್ತದೆ. 1957ರಲ್ಲಿ ಒಡಿಶಾದಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧರಿಯವರು ಹಾರ್ಮೋನ್ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮರಿ ಮಾಡಿಸಿದ ಮೇಲೆ ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆಗಳಿಗೂ ದೊಡ್ಡ ಪ್ರಮಾಣದಲ್ಲಿ ಬಂದವು. ಜಿಲೇಬಿ ಮೀನಂತೂ (ತಿಲಾಪಿಯಾ) ಆಫ್ರಿಕಾದ್ದು, ಭಾರತಕ್ಕೆ ಬಂದದ್ದು 1952ರಲ್ಲಿ.

ಇಂಥ ಕೆಲಸ ಒಬ್ಬ ಸಂಶೋಧಕನಿಂದಾಗಲಿ ಒಂದು ಪ್ರಯೋಗಾಲಯದಿಂದಾಗಲಿ ಆಗುವುದಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್‌ಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಕೆಲಸ ಮಾಡಿದ ಮೇಲೆ, 2018ರಲ್ಲಿ, ಅದು ಕೇರಳದ ಪಾಂಬಾರ್ ನದಿಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿ ಎಂಬ ಜಾತಿಯೇ ಎಂದು ಗೊತ್ತಾಯಿತು. ಆ ಮೀನಿನ ಸಂಖ್ಯೆ ಕುಸಿದದ್ದು ತಿಳಿದದ್ದು ಗಾಳ ಹಾಕುವ ಹವ್ಯಾಸಿಗಳು ವರ್ಷಗಟ್ಟಲೆ ಬರೆದಿಟ್ಟ ಲೆಕ್ಕದಿಂದ.

ನಮ್ಮಲ್ಲಿ ಅಂಥ ಲೆಕ್ಕ ಇರುವುದು ಮೀನುಗಾರರ ನೆನಪಿನಲ್ಲಿ. ಕೆರೆ ಕೋಡಿ ಬಿದ್ದಾಗ ಯಾವ ಮೀನು ಎದುರೀಜಿ ಮೇಲಿನ ಕೆರೆಗೆ ಏರುತ್ತದೆ, ಯಾವುದು ಮೀನು ಹಿಡಿಯುವ ಕೂಳಿಗೆ ಬೀಳುವುದು ನಿಂತುಹೋಯಿತು ಎಂಬುದನ್ನು ಅವರಷ್ಟು ಬಲ್ಲವರಿಲ್ಲ. ಆದ್ದರಿಂದ ತುಮಕೂರು ವಿಶ್ವವಿದ್ಯಾಲಯ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ, ಮಂಗಳೂರಿನ ಮೀನುಗಾರಿಕೆ ಕಾಲೇಜು ಹಾಗೂ ಮೀನುಗಾರಿಕೆ ಇಲಾಖೆ ಒಟ್ಟಾಗಿ ಸಮೀಕ್ಷೆ ನಡೆಸಬೇಕು. ಮೀನುಗಾರರ ಸಹಕಾರ ಸಂಘಗಳನ್ನು ಬರೀ ಮಾದರಿ ಒದಗಿಸುವವರೆಂದು ಕಾಣದೆ ಪಾಲುದಾರರನ್ನಾಗಿ ಸೇರಿಸಿಕೊಂಡು, ಪ್ರಕಟವಾಗುವ ಪ್ರಬಂಧದಲ್ಲಿ ಅವರ ಹೆಸರನ್ನೂ ಮೀನಿನ ಕನ್ನಡ ಹೆಸರನ್ನೂ ದಾಖಲಿಸಬೇಕು. ಜೀವವೈವಿಧ್ಯ ಕಾಯಿದೆ 2002ರ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ರಚನೆಯಾಗಿರುವ ಸಮಿತಿಗಳ ದಾಖಲೆಗೂ ಈ ಮಾಹಿತಿ ಸೇರಬೇಕು.

ಮಾದರಿಗಳು ಇಲ್ಲೇ ಉಳಿಯಬೇಕೆಂಬುದೂ ನನ್ನ ಒತ್ತಾಯ. ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಸುತ್ತಲಿನ ಕೆರೆಗಳಿಂದ ತಂದ ಮೀನುಗಳು ಫಾರ್ಮಾಲಿನ್ ಬಾಟಲಿಗಳಲ್ಲಿ ಸಾಲಾಗಿದ್ದವು. ಕಟ್ಟಡ ಬದಲಾದಾಗ ಎಲ್ಲವನ್ನೂ ಎಸೆಯಲಾಯಿತು. ಫಾರ್ಮಾಲಿನ್ ಡಿಎನ್‌ಎಯನ್ನು ಕೆಡಿಸುವುದು ನಿಜ. ಆದರೂ ಯಾವ ಕೆರೆಯಲ್ಲಿ ಯಾವ ಮೀನಿತ್ತು ಎಂಬುದಕ್ಕೆ ಆ ಬಾಟಲಿಗಳ ಮೇಲಿನ ಚೀಟಿಗಳೇ ಸಾಕ್ಷಿಯಾಗಿದ್ದವು. ಈ ಬಾರಿ ಪ್ರತಿ ಮೀನಿನ ಚೂರು ಮಾಂಸವನ್ನು ಆಲ್ಕೋಹಾಲಿನಲ್ಲಿಟ್ಟು, ಕೆರೆಯ ಹೆಸರು ಮತ್ತು ದಿನಾಂಕದೊಡನೆ ಎರಡು ಕಡೆ ಕಾಪಿಡಲಿ. ಎತ್ತಿನಹೊಳೆಯ ನೀರು ನಮ್ಮ ಕೆರೆಗಳಿಗೆ ಬೀಳುವ ಮುನ್ನ ಒಂದು ಮಳೆಗಾಲವಾದರೂ ಈ ಕೆಲಸಕ್ಕೆ ಸಿಗಲಿ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ, ತುಮಕೂರು